ಶ್ರೀಮಂತ ದೇಶದಲ್ಲಿದ್ದೂ ಒಂದು ವಾರ ಎಲ್ಲಿಗೂ ಹೋಗಲಾಗದ ಮನೆಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಇಂಗ್ಲೆಂಡಿನ ಉತ್ತರ ಭಾಗದ ಒಂದು ಊರಿನಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಮಕ್ಕಳನ್ನು ಶಾಲೆಗೆ ಬಿಡುವಾಗ ಗೇಟಿನ ಹತ್ತಿರ ಸಿಗುವ ಅಪ್ಪ ಅಮ್ಮಂದಿರ ಮಾತು ಕೇಳಿ ಕೇಳಿ ಈ ವಿಷಯ ತಲೆಗೆ ಹತ್ತಿತು. ಊರಿಗೆ ಬಂದಾಗ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ. "ಅಲ್ಲಿಯವರಿಗೂ ದುಡ್ಡಿನ ತಾಪತ್ರಯಾನಾ?" ಅಂತಾರೆ. ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಹಾಗೆ ಬಂದ ಪ್ರಶ್ನೆಗಳಿಗೆ ನನಗೆ ಗೊತ್ತಿರುವ ಉತ್ತರಗಳು ಇಲ್ಲಿವೆ.

ಮೊದಲಿಗೆ, ಇಲ್ಲಿ "ರಜೆ" ಅಂದರೆ ಏನು? ಶಾಲೆಗೆ, ಕೆಲಸಕ್ಕೆ ರಜೆ ಎಲ್ಲರಿಗೂ ಇರುತ್ತದಲ್ಲ?

ಇರುತ್ತದೆ. ಬ್ರಿಟನ್ನಿನಲ್ಲಿ ವಾರಕ್ಕೆ ಐದು ದಿನ ದುಡಿಯುವವರಿಗೆ ವರ್ಷಕ್ಕೆ 28 ದಿನ ಸಂಬಳದ ರಜೆ ಕೊಡಲೇಬೇಕು ಅಂತ ಕಾನೂನಿದೆ. ಆದರೆ ಹಾಲಿಡೇ ಅಂತ ಇವರು ಹೇಳುವುದು ಬೇರೆ. ಮನೆ ಬಿಟ್ಟು ಒಂದು ವಾರ ಎಲ್ಲಾದರೂ ಹೋಗಿ ಇದ್ದು ಬರುವುದು. ಸ್ಪೇನೇ ಆಗಬೇಕು ಅಂತಿಲ್ಲ, ಎರಡು ಗಂಟೆ ದೂರದ ಸಮುದ್ರದ ದಂಡೆ ಆದರೂ ಸರಿ. ಕೆಲಸಕ್ಕೆ ರಜೆ ಇದೆ, ಹೋಗುವುದಕ್ಕೆ ದುಡ್ಡಿಲ್ಲ. ಸಮಸ್ಯೆ ಇರುವುದು ಅಲ್ಲಿ.

ಅಂಥವರು ನಿಜವಾಗಿಯೂ ಇದ್ದಾರಾ? ಎಷ್ಟು ಜನ?

ಯುರೋಪಿಯನ್ ಒಕ್ಕೂಟದ ಅಂಕಿ ಅಂಶ ಕಚೇರಿ ಯೂರೋಸ್ಟಾಟ್ ಪ್ರತಿ ವರ್ಷ ಮನೆಗಳಿಗೆ ಇದೇ ಪ್ರಶ್ನೆ ಕೇಳುತ್ತದೆ: ವರ್ಷಕ್ಕೆ ಒಂದು ವಾರ ಮನೆಯಿಂದ ಹೊರಗೆ ರಜೆ ಕಳೆಯುವಷ್ಟು ದುಡ್ಡು ನಿಮ್ಮ ಹತ್ತಿರ ಇದೆಯಾ ಅಂತ. 2024ರಲ್ಲಿ 16 ವರ್ಷ ದಾಟಿದ 100 ಜನರಲ್ಲಿ 27 ಜನ ಇಲ್ಲ ಅಂದರು. ರೊಮೇನಿಯಾದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹಾಗೆ ಹೇಳಿದರು. ಲಕ್ಸೆಂಬರ್ಗ್‌ನಂಥ ಪುಟ್ಟ ಶ್ರೀಮಂತ ದೇಶದಲ್ಲಿ ನೂರಕ್ಕೆ ಹತ್ತಕ್ಕಿಂತ ಕಡಿಮೆ. ಗ್ರೀಸ್ ಕಥೆ ನನ್ನನ್ನು ಜಾಸ್ತಿ ಕಾಡುತ್ತದೆ. ಇಡೀ ಯುರೋಪು ರಜೆ ಕಳೆಯಲು ಹೋಗುವುದು ಅಲ್ಲಿಗೆ, ಆದರೆ ಅಲ್ಲೇ ಹುಟ್ಟಿ ಬೆಳೆದವರಲ್ಲಿ ಅರ್ಧದ ಹತ್ತಿರ ಹತ್ತಿರ ಜನಕ್ಕೆ ಒಂದು ವಾರ ಹೊರಗೆ ಹೋಗಲು ಆಗುತ್ತಿಲ್ಲ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗಾಯ್ತು. ಟೂರ್ ಹೋಗದಿದ್ದರೆ ಅದನ್ನೂ ಬಡತನ ಅನ್ನಬೇಕಾ?

ಎಲ್ಲರೂ ಕೇಳುವ ಪ್ರಶ್ನೆ ಇದು, ಮೊದಮೊದಲು ನಾನೂ ಹೀಗೇ ಯೋಚಿಸಿದ್ದೆ. ನಾವು ಬೆಳೆದಿದ್ದು ಊಟ, ಬಟ್ಟೆ, ಸೂರು ಇದ್ದರೆ ಸಾಕು ಅನ್ನುವ ಲೆಕ್ಕದಲ್ಲಿ.

ಪೀಟರ್ ಟೌನ್ಸೆಂಡ್ ಅಂತ ಬ್ರಿಟನ್ನಿನ ಒಬ್ಬ ಸಮಾಜ ವಿಜ್ಞಾನಿ ಇದ್ದರು. ಬಡತನವನ್ನು ಬರೀ ಹೊಟ್ಟೆ ನೋಡಿ ಅಳೆಯಬಾರದು, ಸುತ್ತಲಿನವರೆಲ್ಲ ಸಹಜವಾಗಿ ಮಾಡುವುದನ್ನು ಒಂದು ಮನೆ ಮಾಡಲಾಗದೆ ಹೊರಗೆ ಉಳಿಯುತ್ತಿದೆಯಾ ಅಂತ ನೋಡಬೇಕು ಅಂದವರು ಅವರು. 1979ರಲ್ಲಿ ಅವರು ಮಾಡಿದ ಪಟ್ಟಿಯಲ್ಲಿ ಮೊದಲ ಅಂಶವೇ ಕಳೆದ 12 ತಿಂಗಳಲ್ಲಿ ಮನೆಯಿಂದ ಹೊರಗೆ ಒಂದು ವಾರ ರಜೆ ಕಳೆದಿಲ್ಲ ಅನ್ನುವುದು. ಈಗ ಯುರೋಪಿಯನ್ ಒಕ್ಕೂಟ ಬಡತನ ಅಳೆಯಲು 13 ವಿಷಯ ಇಟ್ಟುಕೊಂಡಿದೆ. ಮನೆ ಬೆಚ್ಚಗಿಡಲು ಆಗುತ್ತಾ, ದಿನ ಬಿಟ್ಟು ದಿನವಾದರೂ ಮಾಂಸ, ಮೀನು ಅಥವಾ ಅದಕ್ಕೆ ಸಮನಾದ ಸಸ್ಯಾಹಾರ ತಿನ್ನಲು ಆಗುತ್ತಾ, ದಿಢೀರ್ ಅಂತ ಬಂದ ಖರ್ಚು ತಡೆದುಕೊಳ್ಳಲು ಆಗುತ್ತಾ, ಹೀಗೆ. ಆ ಸಾಲಿನಲ್ಲೇ ಒಂದು ವಾರದ ರಜೆಯೂ ಇದೆ. 13ರಲ್ಲಿ 7 ಇಲ್ಲದಿದ್ದರೆ ಆ ಮನೆ ತೀವ್ರ ಕೊರತೆಯಲ್ಲಿದೆ ಅಂತ ಲೆಕ್ಕ.

ಯಾಕೆ ಹೀಗೆ ಅಂತ ನನಗೆ ಅರ್ಥವಾಗಿದ್ದು ಸೆಪ್ಟೆಂಬರಿನಲ್ಲಿ. ಇಲ್ಲಿ ಶಾಲೆ ಶುರುವಾಗುವುದು ಆಗ. ಆರು ವಾರದ ಬೇಸಿಗೆ ರಜೆ ಮುಗಿಸಿ ಮಕ್ಕಳು ಬರುತ್ತಾರೆ, ಯಾರೋ ಒಬ್ಬರು ಎಲ್ಲಿಗೆ ಹೋಗಿದ್ರಿ ಅಂತ ಕೇಳುತ್ತಾರೆ, ಒಂದೊಂದು ಮಗುವೂ ಒಂದೊಂದು ಊರಿನ ಹೆಸರು ಹೇಳುತ್ತದೆ. ಎಲ್ಲಿಗೂ ಹೋಗದ ಮಗು ಸುಮ್ನೆ ಇರುತ್ತದೆ, ಇಲ್ಲಾ ಸುಳ್ಳು ಹೇಳುತ್ತದೆ. ಏಳು ವರ್ಷದ ಒಂದು ಹುಡುಗಿ ತಾನು ಸ್ಪೇನಿಗೆ ಹೋಗಿದ್ದೆ ಅಂತ ನನ್ನ ಮಗಳಿಗೆ ಹೇಳಿದ್ದಳು. ಅವಳ ಅಮ್ಮನನ್ನು ನಾನು ಆ ಆರು ವಾರವೂ ನಮ್ಮ ಬೀದಿಯ ಅಂಗಡಿಯಲ್ಲೇ ನೋಡಿದ್ದೆ. ಆ ಸುಳ್ಳನ್ನು ನಾನು ಯಾರಿಗೂ ಬಿಚ್ಚಿ ಹೇಳಲಿಲ್ಲ. ಸುಳ್ಳು ಹೇಳಬೇಕು ಅಂತ ಏಳು ವರ್ಷಕ್ಕೇ ಅನ್ನಿಸಿತಲ್ಲ, ಆ ಸಂಕಟವೇ ಇಲ್ಲಿಯ ಬಡತನ.

ಯಾರು ಇವರು? ಕೆಲಸ ಮಾಡದೆ ಕೂತವರಾ?

ಅಲ್ಲ, ತುಂಬ ಜನ ದುಡಿಯುವವರೇ. ವೃದ್ಧಾಶ್ರಮದಲ್ಲಿ ಆರೈಕೆ ಮಾಡುವವರು, ಗೋದಾಮಿನಲ್ಲಿ ಪೆಟ್ಟಿಗೆ ಕಟ್ಟುವವರು, ಆಫೀಸು ಗುಡಿಸಿ ಒರೆಸುವವರು. ಕೆಲವರಿಗೆ ಮುಂದಿನ ವಾರ ಎಷ್ಟು ಗಂಟೆ ಕೆಲಸ ಸಿಗುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಇಂಥವರು ಆರು ತಿಂಗಳು ಮುಂಚೆ ಮುಂಗಡ ಕಟ್ಟಿ ರೂಮು ಹಿಡಿಯುವುದಾದರೂ ಹೇಗೆ? ಒಬ್ಬರೇ ಮಕ್ಕಳನ್ನು ಸಾಕುವ ಅಮ್ಮಂದಿರ ಪಾಡು ಇನ್ನೂ ಕಷ್ಟ. ಅಂಗವೈಕಲ್ಯ ಇರುವ ಮಗು ಮನೆಯಲ್ಲಿದ್ದರೆ ಗಾಲಿಕುರ್ಚಿ ಒಳಗೆ ಹೋಗುವಂಥ ಜಾಗ ಹುಡುಕಬೇಕು, ಅದು ಸಿಗುವುದೇ ಕಡಿಮೆ, ಸಿಕ್ಕರೂ ದುಬಾರಿ.

ಇನ್ನು ಸಮುದ್ರ ತೀರದ ಹೋಟೆಲುಗಳಲ್ಲಿ ಹಾಸಿಗೆ ಸರಿ ಮಾಡುವವರು, ಪಾತ್ರೆ ತೊಳೆಯುವವರು. ಬೇರೆಯವರ ರಜೆ ನಡೆಯುವುದೇ ಇವರ ಕೈಯಿಂದ. ಮಕ್ಕಳಿಗೆ ರಜೆ ಇರುವ ಜುಲೈ, ಆಗಸ್ಟ್ ತಿಂಗಳಲ್ಲೇ ಇವರಿಗೆ ತಲೆ ಎತ್ತಲಾಗದಷ್ಟು ಕೆಲಸ.

ಒಂದು ವಾರಕ್ಕೆ ಅಷ್ಟೊಂದು ಖರ್ಚಾಗುತ್ತದಾ? ಅಗ್ಗದ ದಾರಿ ಇರಬೇಕಲ್ಲ?

ಇದೆ. ಬ್ರಿಟನ್ನಿನ ಸಮುದ್ರ ತೀರದ ಉದ್ದಕ್ಕೂ ಹಾಲಿಡೇ ಪಾರ್ಕುಗಳಿವೆ. ಅಲ್ಲಿ ಸಾಲಾಗಿ ನಿಲ್ಲಿಸಿದ ಕ್ಯಾರವಾನ್‌ಗಳು, ಅಂದರೆ ಎರಡು ಮೂರು ಕೋಣೆಯ ತಗಡಿನ ಪುಟ್ಟ ಮನೆಗಳು. ಅಡುಗೆ ನಾವೇ ಮಾಡಿಕೊಳ್ಳಬಹುದು. ದ ಸನ್ ಪತ್ರಿಕೆಯಲ್ಲಿ ಬರುವ ಟೋಕನ್‌ಗಳನ್ನು ಕತ್ತರಿಸಿ ಕೂಡಿಟ್ಟರೆ ತಲೆಗೆ 9.50 ಪೌಂಡಿನಿಂದ ಶುರುವಾಗುವ ರಜೆ ಸಿಗುತ್ತಿತ್ತು. ಕೂಲಿ ಕೆಲಸದವರ ಮನೆಗಳಲ್ಲಿ ಇದು ಬಹಳ ಹೆಸರುವಾಸಿ. ಆದರೆ ಆ ಬೆಲೆ ಬರೀ ಮೊದಲ ಮೆಟ್ಟಿಲು. ಹಾಸಿಗೆ ಹೊದಿಕೆಗೆ ಬೇರೆ, ಈಜುಕೊಳ ಮತ್ತು ಮನರಂಜನೆ ಪಾಸಿಗೆ ಬೇರೆ, ಹೋಗಿ ಬರುವ ರೈಲಿಗೆ ಬೇರೆ. ಅಲ್ಲಿಗೆ ಹೋದ ಮೇಲೆ ಮಕ್ಕಳು ಐಸ್ ಕ್ರೀಮ್ ಕೇಳದೆ ಇರುತ್ತಾರಾ?

ದೇಶ ದಾಟಿ ಹೋಗುವುದಾದರೆ ಪಾಸ್‌ಪೋರ್ಟಿನಿಂದಲೇ ಖರ್ಚು ಶುರು. 2025ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಲ್ಲಿ, ಆನ್‌ಲೈನ್ ಅರ್ಜಿ ಹಾಕಿದರೆ ದೊಡ್ಡವರಿಗೆ 94.50 ಪೌಂಡು, ಮಕ್ಕಳಿಗೆ 61.50. ಇಬ್ಬರು ದೊಡ್ಡವರು, ಇಬ್ಬರು ಮಕ್ಕಳ ಮನೆಗೆ 312 ಪೌಂಡು. ಇನ್ನೂ ಮನೆ ಬಾಗಿಲು ದಾಟಿಲ್ಲ, ಆಗಲೇ ಒಂದು ತಿಂಗಳ ದಿನಸಿ ದುಡ್ಡು ಹೋಯಿತು.

ಶಾಲೆಗೆ ರಜೆ ಇರುವ ಆಗಸ್ಟ್‌ನಲ್ಲಿ ಬೆಲೆ ದುಬಾರಿ ಅಂದರೆ, ಶಾಲೆ ನಡೆಯುವ ಜೂನ್‌ನಲ್ಲಿ ಹೋಗಲಿ. ಮಗು ಒಂದು ವಾರ ಶಾಲೆ ತಪ್ಪಿಸಿದರೆ ಏನಾಗುತ್ತದೆ?

ನಮ್ಮ ಕಡೆ ಮದುವೆ, ಜಾತ್ರೆ ಅಂತ ನಾಲ್ಕು ದಿನ ರಜಾ ಚೀಟಿ ಬರೆದು ಕಳಿಸಿದರೆ ಆಯಿತು. ಇಂಗ್ಲೆಂಡಿನಲ್ಲಿ ದಂಡ ಬೀಳುತ್ತದೆ. ಅನುಮತಿ ಇಲ್ಲದೆ ಐದು ದಿನ ಶಾಲೆ ತಪ್ಪಿದರೆ ದಂಡ ಹಾಕುವ ಬಗ್ಗೆ ಶಾಲೆ ಯೋಚಿಸಲೇಬೇಕು. 2024ರ ಆಗಸ್ಟ್‌ನಿಂದ ಅದು 80 ಪೌಂಡು, 21 ದಿನದೊಳಗೆ ಕಟ್ಟದಿದ್ದರೆ 160. ಅದೂ ಒಂದು ಮನೆಗೆ ಇಷ್ಟು ಅಂತ ಅಲ್ಲ. ಒಬ್ಬೊಬ್ಬ ಮಗುವಿಗೆ, ಅಪ್ಪನಿಗೆ ಬೇರೆ, ಅಮ್ಮನಿಗೆ ಬೇರೆ. ಇಬ್ಬರು ಮಕ್ಕಳಿದ್ದರೆ ನಾಲ್ಕು ದಂಡ, 320 ಪೌಂಡು. ಮೂರು ವರ್ಷದೊಳಗೆ ಎರಡನೇ ಸಲ ಆದರೆ ನೇರವಾಗಿ 160. ಮೂರನೇ ಸಲಕ್ಕೆ ಕೋರ್ಟಿಗೆ ಹೋಗಬೇಕಾಗಬಹುದು.

ಈ ನಿಯಮದಲ್ಲಿ ನನಗೆ ಅನ್ಯಾಯ ಕಾಣುತ್ತದೆ. ಶಾಲೆ ಮುಖ್ಯ, ಅದನ್ನು ಒಪ್ಪುತ್ತೇನೆ, ಮಕ್ಕಳ ಪಾಠ ತಪ್ಪಬಾರದು. ಆದರೆ ದುಡ್ಡಿರುವ ಮನೆಯವರು ಅಗ್ಗದ ಟಿಕೆಟಿನಲ್ಲಿ ಉಳಿದಿದ್ದರಲ್ಲೇ ದಂಡ ಕಟ್ಟಿ ಹೋಗಿ ಬರುತ್ತಾರೆ. ಬಡವರಿಗೆ ಆಗಸ್ಟ್‌ನ ಬೆಲೆಯೂ ಆಗದು, ಜೂನ್‌ನ ದಂಡವೂ ಆಗದು. ಎರಡು ಬಾಗಿಲೂ ಮುಚ್ಚಿದ್ದು ಅವರಿಗೇ. ಪಕ್ಕದ ಸ್ಕಾಟ್‌ಲೆಂಡಿನಲ್ಲಿ ಇಂಥ ದಂಡವೇ ಇಲ್ಲ.

ರಜೆಯಲ್ಲಿ ಈ ಮಕ್ಕಳು ಮನೆಯಲ್ಲಿ ಏನು ಮಾಡುತ್ತಾರೆ?

ಟಿವಿ, ಫೋನು, ಬೀದಿ, ಪಾರ್ಕು. ಅದಕ್ಕಿಂತ ದೊಡ್ಡ ಚಿಂತೆ ಊಟದ್ದು. ಶಾಲೆಯಲ್ಲಿ ಮಧ್ಯಾಹ್ನ ಉಚಿತ ಊಟ ಸಿಗುತ್ತಿದ್ದ ಮಗುವಿಗೆ ರಜೆಯಲ್ಲಿ ಆ ಊಟ ಇಲ್ಲ. ನಮ್ಮ ಬಿಸಿಯೂಟದ ಮಕ್ಕಳನ್ನು ನೆನೆಸಿಕೊಂಡರೆ ಇದು ಬೇಗ ಅರ್ಥವಾಗುತ್ತದೆ. 2020ರಲ್ಲಿ ಫುಟ್‌ಬಾಲ್ ಆಟಗಾರ ಮಾರ್ಕಸ್ ರ್‍ಯಾಶ್‌ಫೋರ್ಡ್ ಬೇಸಿಗೆ ರಜೆಯಲ್ಲೂ ಮಕ್ಕಳಿಗೆ ಊಟದ ವೋಚರ್ ಕೊಡಿ ಅಂತ ಬಹಿರಂಗವಾಗಿ ಕೇಳಿದರು, ಚಿಕ್ಕಂದಿನಲ್ಲಿ ತಾವೇ ಆ ಉಚಿತ ಊಟ ತಿಂದು ಬೆಳೆದವರು. ಸರ್ಕಾರ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿತು. 2021ರಿಂದ ಇಂಗ್ಲೆಂಡಿನ ಎಲ್ಲ ಕಡೆ ಬೇಸಿಗೆಯ ನಾಲ್ಕು ವಾರ, ವಾರಕ್ಕೆ ನಾಲ್ಕು ದಿನ, ದಿನಕ್ಕೆ ನಾಲ್ಕು ಗಂಟೆ ಆಟ ಮತ್ತು ಊಟ ಕೊಡುವ ಶಿಬಿರಗಳು ನಡೆಯುತ್ತಿವೆ. ರಜೆ ಆರು ವಾರ, ಶಿಬಿರ ನಾಲ್ಕು ವಾರ. ಉಳಿದ ದಿನಗಳನ್ನು ಅಮ್ಮಂದಿರು ಹೇಗೋ ದೂಡುತ್ತಾರೆ.

ಹಿಂದೆ ಇಂಗ್ಲೆಂಡಿನ ಕೂಲಿ ಕಾರ್ಮಿಕರೂ ಸಮುದ್ರಕ್ಕೆ ಹೋಗುತ್ತಿದ್ದರು ಅಂತ ಓದಿದ್ದೇನೆ. ಅದು ನಿಜವಾ?

ನಿಜ, ಮತ್ತು ನನಗೆ ತುಂಬ ಇಷ್ಟದ ಕಥೆ ಇದು. ಲ್ಯಾಂಕಶೈರ್ ಅನ್ನುವ ಕಡೆ ಹತ್ತಿ ಗಿರಣಿಗಳ ಊರುಗಳಿದ್ದವು. ವರ್ಷಕ್ಕೊಂದು ವಾರ ಇಡೀ ಊರಿನ ಗಿರಣಿಗಳು ಬಾಗಿಲು ಹಾಕುತ್ತಿದ್ದವು. ಅದಕ್ಕೆ ವೇಕ್ಸ್ ವಾರ ಅಂತ ಹೆಸರು, ಮೂಲದಲ್ಲಿ ಚರ್ಚಿನ ಹಬ್ಬ, ನಮ್ಮ ಊರ ಜಾತ್ರೆಯ ಹಾಗೆ. ಒಂದು ಊರಿಗೆ ಒಂದು ವಾರ, ಪಕ್ಕದ ಊರಿಗೆ ಇನ್ನೊಂದು ವಾರ. ಊರಿಗೆ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲ್ ಸಮುದ್ರಕ್ಕೆ ಹೋಗುತ್ತಿತ್ತು. ಆ ವಾರ ಸಂಬಳ ಇಲ್ಲ. ಅದಕ್ಕೇ ವರ್ಷವಿಡೀ ವಾರ ವಾರ ಪೆನ್ನಿ ಪೆನ್ನಿ ಕೂಡಿಡುವ ಕ್ಲಬ್ಬುಗಳಿದ್ದವು, ನಮ್ಮವರು ಚೀಟಿ ಹಾಕುತ್ತಾರಲ್ಲ, ಸುಮಾರಾಗಿ ಹಾಗೆ.

1936ರಲ್ಲಿ ಬಿಲ್ಲಿ ಬಟ್ಲಿನ್ ಅನ್ನುವವರು ಸ್ಕೆಗ್‌ನೆಸ್ ಅನ್ನುವ ಕಡಲ ಊರಿನಲ್ಲಿ ಕಾರ್ಮಿಕರ ಕೈಗೆಟುಕುವ ಹಾಲಿಡೇ ಕ್ಯಾಂಪು ತೆರೆದರು. 1938ರಲ್ಲಿ ಸಂಬಳ ಸಹಿತ ರಜೆಯ ಕಾನೂನು ಬಂತು. ಸಾಮಾನ್ಯ ಜನಕ್ಕೂ ಸಮುದ್ರ ಸಿಗಲಿ ಅನ್ನುವ ಮಾತು ಆಗ ಗಟ್ಟಿಯಾಗಿತ್ತು.

ಆಮೇಲೆ ಅಗ್ಗದ ವಿಮಾನ ಬಂತು, ಕೈಯಲ್ಲಿ ದುಡ್ಡಿದ್ದವರು ಸ್ಪೇನಿನ ಬಿಸಿಲಿಗೆ ಹೊರಟರು. ಗಿರಣಿಗಳೂ ಮುಚ್ಚಿದವು. ಬ್ಲ್ಯಾಕ್‌ಪೂಲ್‌ನ ಲಾಡ್ಜುಗಳು ಅಗ್ಗದ ಬಾಡಿಗೆ ರೂಮುಗಳಾದವು. ಇಂಗ್ಲೆಂಡಿನ ಅತ್ಯಂತ ಹಿಂದುಳಿದ ಹತ್ತು ಬಡಾವಣೆಗಳ ಪಟ್ಟಿ 2019ರಲ್ಲಿ ಬಂದಾಗ ಅದರಲ್ಲಿ ಎಂಟು ಬ್ಲ್ಯಾಕ್‌ಪೂಲ್‌ನವು. ಮೊದಲ ಸ್ಥಾನದಲ್ಲಿದ್ದುದು ಎಸೆಕ್ಸ್‌ನ ಜೇವಿಕ್. 2010ರಲ್ಲೂ 2015ರಲ್ಲೂ ಅದೇ ಮೊದಲು. ಆ ಜೇವಿಕ್ ಸುಮಾರು 1930ರ ಹೊತ್ತಿಗೆ ಲಂಡನ್ನಿನ ಸಾಮಾನ್ಯ ಜನಕ್ಕೆ ಬೇಸಿಗೆ ಮನೆಗಳಾಗಲಿ ಅಂತ ಕಟ್ಟಿದ ಜಾಗ. ರಜೆಗಾಗಿ ಕಟ್ಟಿದ ಆ ತೆಳು ಗೋಡೆಯ ಮನೆಗಳಲ್ಲೇ ಈಗ ಜನ ವರ್ಷವಿಡೀ, ಚಳಿಗಾಲದಲ್ಲೂ ಇದ್ದಾರೆ.

ಫ್ರಾನ್ಸಿನಲ್ಲಿ ಸರ್ಕಾರವೇ ರಜೆಗೆ ದುಡ್ಡು ಕೊಡುತ್ತದಂತೆ?

ಪೂರ್ತಿ ಹಾಗಲ್ಲ, ಆದರೆ ಈ ವಿಷಯವನ್ನು ಫ್ರೆಂಚರಷ್ಟು ಮನಸ್ಸಿಗೆ ತೆಗೆದುಕೊಂಡವರು ಕಡಿಮೆ. 1936ರ ಬೇಸಿಗೆಯಲ್ಲಿ ಅಲ್ಲಿ ದೇಶ ತುಂಬ ಮುಷ್ಕರ ನಡೆಯಿತು. ಲೆಯೋನ್ ಬ್ಲೂಮ್ ಅವರ ಸರ್ಕಾರ ಎರಡು ವಾರ ಸಂಬಳದ ರಜೆ ಕೊಡುವ ಕಾನೂನು ತಂದಿತು. ಲೆಯೋ ಲಗ್ರಾಂಜ್ ಅನ್ನುವ ಯುವ ಮಂತ್ರಿ ರೈಲು ಟಿಕೆಟಿನಲ್ಲಿ 40% ಕಡಿತ ಮಾಡಿಸಿದರು. ರಜೆ ಕೊಟ್ಟರೆ ಸಾಲದು, ಹೋಗುವುದಕ್ಕೆ ದಾರಿಯೂ ಬೇಕು ಅಂತ ಅವರಿಗೆ ಆಗಲೇ ಗೊತ್ತಿತ್ತು. ಆ ವರ್ಷವೇ ಲಕ್ಷಾಂತರ ಜನ ಆ ಟಿಕೆಟು ಕೊಂಡರು. ಎಷ್ಟೋ ಜನ ಸಮುದ್ರವನ್ನು ಮೊದಲ ಸಲ ನೋಡಿದ್ದು ಆಗ.

1982ರಲ್ಲಿ ರಜಾ ಚೆಕ್ ಬಂತು. ಕೆಲಸಗಾರ ಒಂದಷ್ಟು ಹಾಕುತ್ತಾನೆ, ಕೆಲಸ ಕೊಟ್ಟವರು ಒಂದಷ್ಟು ಸೇರಿಸುತ್ತಾರೆ, ಆ ಚೆಕ್ಕನ್ನು ರೈಲಿಗೆ, ಹೋಟೆಲಿಗೆ, ಕ್ಯಾಂಪಿಗೆ ಕೊಡಬಹುದು. 1998ರ ಒಂದು ಕಾನೂನು ಎಲ್ಲರಿಗೂ ರಜೆ ಸಿಗುವಂತೆ ಮಾಡುವುದು ದೇಶದ ಗುರಿ ಅಂತಲೇ ಬರೆದಿದೆ. ಇಷ್ಟಾದರೂ ಎಲ್ಲರೂ ಹೋಗುತ್ತಿಲ್ಲ. ರಜಾ ಚೆಕ್ ಸಿಗಬೇಕಾದರೆ ಮೊದಲು ಒಂದು ನೆಟ್ಟಗಿನ ಕೆಲಸ ಬೇಕಲ್ಲ.

ಉಳಿದವರಿಗಾಗಿ ಸೆಕೂರ್ ಪಾಪ್ಯುಲೇರ್ ಅನ್ನುವ ಸಂಸ್ಥೆ 1979ರಿಂದ ಆಗಸ್ಟ್‌ನಲ್ಲಿ ಒಂದು ದಿನ ಇಟ್ಟುಕೊಂಡಿದೆ, "ರಜೆ ಮರೆತವರ ದಿನ" ಅಂತ. ಅಂದರೆ ರಜೆ ಯಾರನ್ನು ಮರೆತಿದೆಯೋ ಅವರ ದಿನ. ಪ್ಯಾರಿಸ್ ಸುತ್ತಲಿನ ಬಡ ಬಡಾವಣೆಗಳ ಮಕ್ಕಳನ್ನು ಬೆಳಗಿನ ಜಾವ ಬಸ್ಸು ಹತ್ತಿಸಿ ನಾರ್ಮಂಡಿಯ ಸಮುದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಸಮುದ್ರ ಇರುವುದು ಎರಡು ಮೂರು ಗಂಟೆಯ ದೂರದಲ್ಲಿ. ಆದರೂ ಅದನ್ನು ಒಮ್ಮೆಯೂ ನೋಡದ ಮಕ್ಕಳು ಪ್ರತಿ ವರ್ಷ ಆ ಬಸ್ಸುಗಳಲ್ಲಿ ಇರುತ್ತಾರೆ.

ಬೇರೆ ದೇಶಗಳಲ್ಲಿ?

ಚಿಕ್ಕದಾಗಿ ಹೇಳುತ್ತೇನೆ. ಸ್ವಿಟ್ಜರ್‌ಲೆಂಡಿನಲ್ಲಿ 1939ರಲ್ಲಿ ಶುರುವಾದ ರೇಕಾ ಅನ್ನುವ ಸಂಸ್ಥೆ ಕಡಿಮೆ ಆದಾಯದ ಮನೆಗಳಿಗೆ ತನ್ನ ರಜಾ ಮನೆಗಳಲ್ಲಿ ತೀರಾ ಕಡಿಮೆ ದುಡ್ಡಿಗೆ ಒಂದು ವಾರ ಇರಲು ಕೊಡುತ್ತದೆ. ಅಮೆರಿಕದಲ್ಲಿ ಸಂಬಳದ ರಜೆ ಕೊಡಲೇಬೇಕು ಅನ್ನುವ ಕೇಂದ್ರ ಕಾನೂನೇ ಇಲ್ಲ. ಅಲ್ಲಿ ನ್ಯೂಯಾರ್ಕ್ ನಗರದ ಬಡ ಮಕ್ಕಳನ್ನು ಬೇಸಿಗೆಯಲ್ಲಿ ಹಳ್ಳಿಗೆ, ಶಿಬಿರಕ್ಕೆ ಕಳಿಸುವ ಫ್ರೆಶ್ ಏರ್ ಫಂಡ್ 1877ರಿಂದ ಇದೆ.

ಉಚಿತವಾಗಿ ಕಳಿಸಿಬಿಟ್ಟರೆ ಸಮಸ್ಯೆ ಮುಗಿಯಿತಲ್ಲ?

ಮುಗಿಯುವುದಿಲ್ಲ. ಬ್ರಿಟನ್ನಿನಲ್ಲಿ ಬಡ ಮನೆಗಳಿಗೆ ರಜೆ ಕೊಡಿಸುವ ಫ್ಯಾಮಿಲಿ ಹಾಲಿಡೇ ಚಾರಿಟಿ ಅನ್ನುವ ಸಂಸ್ಥೆ 1975ರಿಂದ ಇದೆ. ಆದರೆ ಎಂದೂ ಹೋಗದ ಮನೆಗೆ ಹೋಗುವುದೇ ಒಂದು ಭಯ. ಸೂಟ್‌ಕೇಸ್ ಇರುವುದಿಲ್ಲ, ಈಜುವ ಬಟ್ಟೆ ಇರುವುದಿಲ್ಲ. ರೈಲು ಎಲ್ಲಿ ಬದಲಿಸಬೇಕು, ಅಲ್ಲಿ ಯಾರನ್ನು ಕೇಳಬೇಕು, ಹೆಚ್ಚಿನ ದುಡ್ಡು ಕೇಳಿಬಿಟ್ಟರೆ ಏನು ಗತಿ? ಒಬ್ಬ ಅಮ್ಮ ನನ್ನ ಹತ್ತಿರ ಹೇಳಿಕೊಂಡಿದ್ದು ಹೀಗೆ: ರೂಮು ಯಾರೋ ಕೊಡಿಸುತ್ತಾರೆ, ಆದರೆ ಅಲ್ಲಿ ಮಕ್ಕಳು ಏನಾದರೂ ಕೇಳಿದಾಗೆಲ್ಲ ಬೇಡ ಬೇಡ ಅನ್ನುವುದಾದರೆ ಮನೆಯಲ್ಲೇ ಇರುವುದು ವಾಸಿ. ಹಾಗಾಗಿ ಪ್ರಯಾಣಕ್ಕೂ ಕೈಖರ್ಚಿಗೂ ಸೇರಿಸಿ ಕೊಡಬೇಕು. ಹೊರಡುವ ಮುಂಚೆ ಯಾರಾದರೂ ಕೂತು ಎಲ್ಲವನ್ನೂ ವಿವರಿಸಬೇಕು. ಅದನ್ನು ಮಾಡಿದಾಗಲೇ ಆ ಮನೆಯವರು ನೆಮ್ಮದಿಯಾಗಿ ಹೊರಡುತ್ತಾರೆ.

ನಮ್ಮ ಕನ್ನಡದವರೂ ಈ ಕಷ್ಟದಲ್ಲಿ ಇದ್ದಾರಾ?

ಇದ್ದಾರೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ವಿದೇಶ ಅಂದಾಕ್ಷಣ ಸಾಫ್ಟ್‌ವೇರ್ ಅಂದುಕೊಳ್ಳುತ್ತೇವೆ. ಆದರೆ 2022ರಿಂದ ಕೆಲವು ವರ್ಷ ಬ್ರಿಟನ್ ವೃದ್ಧರ ಆರೈಕೆ ಕೆಲಸಕ್ಕೂ ವೀಸಾ ಕೊಟ್ಟಿತು, ಭಾರತದಿಂದ ತುಂಬ ಜನ ಬಂದರು, ಅವರಲ್ಲಿ ನಮ್ಮವರೂ ಇದ್ದಾರೆ. ಬರುವುದಕ್ಕೇ ಸಾಲ ಮಾಡಿದವರೂ ಇದ್ದಾರೆ. ಇಂಥ ವೀಸಾದವರಿಗೆ ಸರ್ಕಾರದ ಸಹಾಯಧನಗಳಲ್ಲಿ ಹೆಚ್ಚಿನವು ಸಿಗುವುದಿಲ್ಲ. ವರ್ಷವಿಡೀ ಕೂಡಿಟ್ಟಿದ್ದು ಸಾಲದ ಕಂತಿಗೆ, ಇಲ್ಲಾ ಊರಲ್ಲಿ ಹುಷಾರಿಲ್ಲದ ಅಮ್ಮನನ್ನು ನೋಡಿ ಬರುವ ವಿಮಾನದ ಟಿಕೆಟಿಗೆ. ಫೋಟೋದಲ್ಲಿ ಲಂಡನ್ ಸೇತುವೆ ಕಾಣುತ್ತದೆ, ಊರಿನವರು ಸುತ್ತಾಡುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಆ ಫೋಟೋ ತೆಗೆದ ದಿನ ಒಂದೇ ಅವರ ವರ್ಷದ ರಜೆ ಆಗಿರಬಹುದು.

ನಮ್ಮಲ್ಲೇ ಕೋಟ್ಯಂತರ ಜನ ಎಲ್ಲಿಗೂ ಹೋಗುವುದಿಲ್ಲ. ಅಲ್ಲಿಯವರ ಚಿಂತೆ ನಮಗೆ ಯಾಕೆ?

ಒಂದು ಕಷ್ಟ ಕಂಡರೆ ಇನ್ನೊಂದು ಕಷ್ಟ ಚಿಕ್ಕದಾಗುವುದಿಲ್ಲ ಅಲ್ವಾ? ನಮ್ಮಲ್ಲಿ ಅಜ್ಜಿ ಮನೆ ಅಂತ ಒಂದಿತ್ತು, ಏಪ್ರಿಲ್ ಬಂದರೆ ದುಡ್ಡಿಲ್ಲದ ಮನೆಯ ಮಕ್ಕಳೂ ಬಸ್ಸು ಹತ್ತುತ್ತಿದ್ದರು. ಇಲ್ಲಿ ಎಷ್ಟೋ ಮಕ್ಕಳಿಗೆ ಹಾಗೆ ಹೋಗಿ ತಿಂಗಳು ಇರಬಹುದಾದ ಇನ್ನೊಂದು ಮನೆ ಇಲ್ಲ.

ಇನ್ನೊಂದು ನೆನಪಿಸುತ್ತೇನೆ. 2023ರ ಜೂನ್ 11ರಂದು ಕರ್ನಾಟಕದಲ್ಲಿ ಶಕ್ತಿ ಯೋಜನೆ ಶುರುವಾಯಿತು, ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಟಿಕೆಟಿಗೆ ದುಡ್ಡು ಕೊಡಬೇಕಿಲ್ಲ. ಕೆಲವೇ ದಿನಕ್ಕೆ ಧರ್ಮಸ್ಥಳದ ಬಸ್ಸುಗಳು ತುಂಬಿ ತುಳುಕಿದವು. ಕೆಲಸ ಬಿಟ್ಟು ಊರು ಸುತ್ತುತ್ತಿದ್ದಾರೆ ಅಂತ ಬೈದವರೂ ಇದ್ದರು. ನನಗೆ ಕಂಡಿದ್ದು ಬೇರೆ. ಎಷ್ಟು ವರ್ಷದಿಂದ ಆ ಆಸೆಯನ್ನು ಒಳಗೇ ಇಟ್ಟುಕೊಂಡಿದ್ದರು ಇವರು! 1936ರಲ್ಲಿ ಫ್ರಾನ್ಸಿನ ರೈಲು ಹತ್ತಿದವರ ಮನಸ್ಸೂ ಹೀಗೇ ಇದ್ದಿರಬೇಕು.

ನಾನು ಬ್ರಿಟನ್ನಿನಲ್ಲೇ ಇದ್ದೇನೆ. ಇಂಥ ಮನೆ ಪಕ್ಕದಲ್ಲಿದ್ದರೆ ಏನು ಮಾಡಬಹುದು?

ಫ್ಯಾಮಿಲಿ ಹಾಲಿಡೇ ಚಾರಿಟಿಗೆ ಮನೆಯವರೇ ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಶಾಲೆಯ ಟೀಚರ್, ಮಗುವಿನ ಆರೋಗ್ಯ ನೋಡಲು ಮನೆಗೆ ಬರುವ ನರ್ಸ್, ಸಮಾಜ ಕಾರ್ಯಕರ್ತರು, ಇಂಥವರು ಹೆಸರು ಕಳಿಸಬೇಕು. ಇದು ಗೊತ್ತಿಲ್ಲದೆ ಸುಮ್ಮನಿರುವವರು ಬಹಳ. ಹಾಗಾಗಿ ಆ ಅಮ್ಮನಿಗೆ ಶಾಲೆಯಲ್ಲಿ ಒಮ್ಮೆ ವಿಚಾರಿಸಿ ಅಂತ ಹೇಳಿ. ಹೇಳುವಾಗ ಮಕ್ಕಳು ಪಕ್ಕದಲ್ಲಿ ಇರದ ಹಾಗೆ ನೋಡಿಕೊಳ್ಳಿ. ಚಳಿಗಾಲದಲ್ಲೇ ಹೇಳಿಬಿಡಿ, ಬೇಸಿಗೆ ಹತ್ತಿರ ಬಂದ ಮೇಲೆ ಹೊತ್ತು ಮೀರಿರುತ್ತದೆ. ಮನೆಯಲ್ಲಿ ಸುಮ್ನೆ ಬಿದ್ದಿರುವ ಸೂಟ್‌ಕೇಸ್ ಇದ್ದರೆ ಅದನ್ನೂ ಕೊಡಿ. ಇನ್ನು ಸೆಪ್ಟೆಂಬರಿನಲ್ಲಿ ಆ ಮಗು ಸಿಕ್ಕರೆ ರಜೆಗೆ ಎಲ್ಲಿಗೆ ಹೋಗಿದ್ದೆ ಅಂತ ಕೇಳಬೇಡಿ, ಯಾವ ಆಟ ಆಡಿದೆ ಅಂತ ಕೇಳಿ.